ಹೂವಿನಕ್ಕನಿಗೆ, ಮತ್ತೆ ನಮ್ಮ ಚರ್ಚಿನ ಎಲ್ಲರಿಗೂ

ಕಳೆದ ಭಾನುವಾರ ಬೆಳಗ್ಗೆ ಏಳೂವರೆಯ ಪೂಜೆಗೆ ನಮ್ಮನೆಯವರು ಚರ್ಚಿನ ಮೆಟ್ಟಿಲು ಹತ್ತಿದರು. ಒಟ್ಟು ಹನ್ನೊಂದು ಮೆಟ್ಟಿಲು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಗನ ಹೆಗಲ ಮೇಲೆ. ಒಂದೊಂದು ಮೆಟ್ಟಿಲಿಗೂ ನಿಂತು, ಉಸಿರು ತಗೊಂಡು, ಮತ್ತೆ ಕಾಲು ಎತ್ತಿಡುತ್ತಿದ್ದರು. ಬಾಗಿಲ ಹತ್ತಿರ ನೀವೆಲ್ಲ ಇದ್ದಿರಿ. ಯಾರೂ ಮಾತಾಡಲಿಲ್ಲ. ಅವರಾಗಿಯೇ ಹತ್ತಲಿ ಅಂತ ಕಾದು ನಿಂತಿರಿ. ಹನ್ನೊಂದನೇ ಮೆಟ್ಟಿಲು ಮುಗಿದಾಗ ಗಾನವೃಂದದ ಹುಡುಗ ಓಡಿ ಬಂದು ಗಂಟೆಯ ಹಗ್ಗವನ್ನು ಅವರ ಕೈಗೆ ಕೊಟ್ಟ. ಎರಡನೇ ಗಂಟೆ ಇನ್ನೂ ಹೊಡೆದಿರಲಿಲ್ಲ. ಅವರಿಗೋಸ್ಕರ ತಡೆದಿಟ್ಟಿದ್ದಿರಿ ಅಂತ ನನಗೆ ಆಮೇಲೆ ಗೊತ್ತಾಯಿತು.

ಅವರು ಮೂರು ಸಲ ಎಳೆದರು. ಹಿಂದೆ ಇಪ್ಪತ್ತು ಸಲ ಎಳೆಯುತ್ತಿದ್ದರು. ಆದರೆ ಆ ಮೂರು ಹೊಡೆತದ ನಡುವೆ ಅವರು ಬಿಡುವ ಅಂತರ ಇದೆಯಲ್ಲ, ಅದು ಅವರದ್ದೇ. ಮದುವೆಯಾಗಿ ಬಂದ ದಿನದಿಂದ ಅಡುಗೆಮನೆಯಲ್ಲಿ ನಿಂತು ಕೇಳಿದ ಗಂಟೆ ಅದು.

ಏಳು ತಿಂಗಳು ಕಳೆಯಿತು. ಏಣಿಯಿಂದ ಹೇಗೆ ಬಿದ್ದರು, ಎಲ್ಲಿ ಏನು ಆಪರೇಷನ್ ಆಯಿತು ಅನ್ನೋದೆಲ್ಲ ನಿಮಗೆ ಗೊತ್ತು. ಮತ್ತೆ ಬರೆಯುವುದಿಲ್ಲ. ಮೊದಲು ಹೋದ ಆಸ್ಪತ್ರೆಯಲ್ಲಿ ಸುಮ್ನೆ ಕಳೆದುಹೋದ ಎರಡು ಗಂಟೆಯ ಬಗ್ಗೆಯೂ ಬರೆಯುವುದಿಲ್ಲ. ಈ ಬರಹ ಜೊತೆಗೆ ನಿಂತವರಿಗೆ.

ಬ್ಯಾಂಕಿನ ಸಾಲಕ್ಕೆ ಸಹಿ ಹಾಕಿದ ಭಾವ, ರಕ್ತ ಕೊಡಲು ಕೆಲಸ ಬಿಟ್ಟು ಮೈಸೂರಿಗೆ ಬಂದ ಯುವಕರ ಸಂಘದ ಆರು ಹುಡುಗರು, ಪ್ರತಿ ತಿಂಗಳೂ ಇಬ್ಬಿಬ್ಬರಾಗಿ ಬಂದು ಕವರನ್ನು ಬೈಬಲ್ಲಿನ ಕೆಳಗೆ ಇಟ್ಟು ಹೋದ, ಕಷ್ಟದಲ್ಲಿರುವವರಿಗೆ ನೆರವಾಗುವ ವಿನ್ಸೆಂಟ್ ದೆ ಪಾಲ್ ಸಭೆಯವರು, ಮಕ್ಕಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡು ಪರೀಕ್ಷೆಗೆ ಕಳಿಸಿದ ಸಿಸ್ಟರುಗಳು, ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ವಾರವೂ ತಪ್ಪದೆ ಅವರ ಹೆಸರು ಓದಿದವರು, ನಿಮಗೆಲ್ಲ ನನ್ನ ನಮಸ್ಕಾರ. 2018ರ ಮಳೆಯಲ್ಲಿ ಮನೆ ಕಳೆದುಕೊಂಡ ಕೊಡಗಿನ ಮಕ್ಕಂದೂರು ಕಡೆಯ ಒಬ್ಬರೂ ಆಸ್ಪತ್ರೆ ಹುಡುಕಿಕೊಂಡು ಬಂದಿದ್ದರು. ಆಗ ನಮ್ಮನೆಯವರು ಪಿಕಪ್‌ನಲ್ಲಿ ಅಕ್ಕಿ ತಂದು ಇಳಿಸಿದ್ದು ಅವರಿಗೆ ನೆನಪಿತ್ತಂತೆ. ನಮಗೇ ನೆನಪಿರಲಿಲ್ಲ.

ಮೆಣಸಿನ ವಿಷಯ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಅವರು ಬಿದ್ದಾಗ ನಮ್ಮ ಒಂದೂವರೆ ಎಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆಣಸು ಬಳ್ಳಿಯಲ್ಲೇ ಇತ್ತು. ಕಾಳು ಹಣ್ಣಾಗಿ ಉದುರುವ ಸಮಯ. ನನಗೆ ಅದರ ನೆನಪೇ ಇರಲಿಲ್ಲ. ಅಕ್ಕಪಕ್ಕದ ಮನೆಯವರು ಕೂಡಿ ಪ್ರಾರ್ಥನೆ ಮಾಡುವ ನಮ್ಮ ಕಿರು ಸಮುದಾಯದ ಹನ್ನೆರಡು ಮನೆಯವರು ಸೇರಿ ಅದನ್ನು ಕೊಯ್ದಿರಿ. ಅದೇ ಏಣಿ ಹತ್ತಿ ಕೊಯ್ದಿರಿ. ಬಿಡಿಸಿ, ಐದು ದಿನ ಕಣದಲ್ಲಿ ಒಣಗಿಸಿ, ರಾತ್ರಿ ಟಾರ್ಪಾಲ್ ಹೊದಿಸಿ, ಚೀಲ ಕಟ್ಟಿ, ತೂಕ ಹಾಕಿಸಿ ಮಾರಿದಿರಿ. ಮೇಸ್ತ್ರಿ ಮಾವ ಒಂದು ನೋಟ್ ಬುಕ್ಕಿನಲ್ಲಿ ಲೆಕ್ಕ ಬರೆದು ತಂದುಕೊಟ್ಟರು. ಯಾವ ದಿನ ಎಷ್ಟು ಕೆಜಿ, ಯಾವ ರೇಟು, ಎಲ್ಲ ಇತ್ತು. ಕೂಲಿ ಅಂತ ಬರೆಯುವ ಕಡೆ ಒಂದು ಗೆರೆ ಎಳೆದಿದ್ದರು. ಆ ಪುಸ್ತಕ ಈಗಲೂ ದೇವರ ಪೀಠದ ಹತ್ತಿರ ಇದೆ.

ಈಗ ಹೂವಿನಕ್ಕನ ಮಾತು.

ಅವರ ಹೆಸರು ಹಾಕಬಾರದು ಅಂತ ಅವರೇ ಹೇಳಿದ್ದಾರೆ. ಹಾಕುವುದೂ ಬೇಡ. ನಮ್ಮ ಧರ್ಮಕೇಂದ್ರದಲ್ಲಿ ಹೂವಿನಕ್ಕ ಅಂದರೆ ಯಾರು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಶನಿವಾರ ಮಧ್ಯಾಹ್ನ ತೋಟದ ಕೆಲಸ ಮುಗಿಸಿ, ಲೈನ್ ಮನೆಗೆ ಹೋಗಿ ಮುಖ ತೊಳೆದು, ಮೂರು ಗಂಟೆಗೆ ಚರ್ಚಿನ ಬೀಗ ತೆಗೆಯುವವರು. ಗುಡಿಸಿ, ಒರೆಸಿ, ಪೀಠದ ಬಟ್ಟೆ ಬದಲಾಯಿಸಿ, ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ, ಹೂವು ಇಡುವವರು. ಮಳೆಗಾಲದಲ್ಲಿ ಹೂವಿಲ್ಲದಿದ್ದರೆ ಜರೀಗಿಡದ ಎಲೆಯಲ್ಲೇ ಪೀಠವನ್ನು ಅಷ್ಟು ಚೆಂದ ಮಾಡುತ್ತಾರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪೀಠಕ್ಕೆ ಹೂವಿಲ್ಲ. ಆ ವಾರಗಳಲ್ಲೂ ಅವರು ಬರುವುದು ತಪ್ಪುವುದಿಲ್ಲ. ಬೆಂಚಿನ ಕೆಳಗೆ ಮಂಡಿಯೂರಿ ಕೂತು ನೆಲಕ್ಕೆ ಅಂಟಿದ ಮೇಣವನ್ನು ಹಳೇ ಚಾಕುವಿನಲ್ಲಿ ಕೆರೆಯುತ್ತಿರುತ್ತಾರೆ.

ವರ್ಷಕ್ಕೆ ಒಂದು ದಿನ ಅವರದ್ದು. ಪವಿತ್ರ ಗುರುವಾರ, ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿ ಅವರ ಪಾದ ತೊಳೆದದ್ದನ್ನು ನೆನೆಯುವ ದಿನ. ಆ ಸಂಜೆಯ ಪೂಜೆ ಮುಗಿದ ಮೇಲೆ ಪರಮಪ್ರಸಾದವನ್ನು, ಅಂದರೆ ಪೂಜೆಯ ಪವಿತ್ರ ರೊಟ್ಟಿಯನ್ನು, ಪಕ್ಕದ ಪೀಠಕ್ಕೆ ಕೊಂಡೊಯ್ಯುತ್ತಾರಲ್ಲ, ಆ ಪೀಠವನ್ನು ಸಿಂಗರಿಸುವುದು ಅವರು. ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಆ ರಾತ್ರಿ ನಾವು ಒಂದೊಂದು ಕಿರು ಸಮುದಾಯದವರು ಒಂದೊಂದು ಗಂಟೆ ಸರದಿಯಲ್ಲಿ ಕೂತು ಜಾಗರಣೆ ಮಾಡುತ್ತೇವೆ. ಅಕ್ಕ ಮಾತ್ರ ಎಲ್ಲರ ಸರದಿಯಲ್ಲೂ ಹಿಂದಿನ ಬೆಂಚಿನಲ್ಲಿ ಇರುತ್ತಾರೆ.

ಈ ವರ್ಷ ಅವರು ಇರಲಿಲ್ಲ. ಯಾಕೆ ಅಂತ ಕೆಲವರಿಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮನೆಯವರು ಬಿದ್ದು ಅದು ಹದಿಮೂರನೇ ದಿನ. ಈ ವರ್ಷ ಪಾದ ತೊಳೆಸಿಕೊಳ್ಳುವ ಹನ್ನೆರಡು ಜನರ ಪಟ್ಟಿಯಲ್ಲಿ ಅವರ ಹೆಸರಿತ್ತು. ಅವರ ಬದಲು ಬೇರೆ ಹುಡುಗ ಕೂತನಂತೆ. ಗುರುವಾರ ಬೆಳಗ್ಗೆಯಿಂದಲೇ ಅವರಿಗೆ ಮತ್ತೆ ಹುಷಾರು ತಪ್ಪಿತು. ಸಂಜೆ ಹೊತ್ತಿಗೆ ನನ್ನನ್ನು ಒಳಗೆ ಬಿಡಲಿಲ್ಲ. ನನ್ನ ತಮ್ಮ ಅವತ್ತು ಊರಿಗೆ ಹೋಗಿದ್ದ. ನಾನು ಒಬ್ಬಳೇ. ಫೋನಿನಲ್ಲಿ ಯಾರಿಗೆ ಏನು ಹೇಳಿದೆ ಅನ್ನೋದೂ ನೆನಪಿಲ್ಲ. ಅಕ್ಕನಿಗೆ ನಾನು ಫೋನ್ ಮಾಡಿರಲಿಲ್ಲ. ಯಾರೋ ಚರ್ಚಿನಲ್ಲಿ ಹೇಳಿದ್ದಾರೆ.

ಅಕ್ಕ ಪೀಠಕ್ಕೆ ಹೂವು ಇಟ್ಟು ಮುಗಿಸಿ, ಪೂಜೆಗೆ ನಿಲ್ಲದೆ, ಬೀಗದ ಕೈಯನ್ನು ಫಾದರ್ ಕೈಗೆ ಕೊಟ್ಟು ಬಸ್ಸು ಹತ್ತಿದ್ದಾರೆ. ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಬಂದು, ಆಸ್ಪತ್ರೆಯ ಚೀಟಿಯನ್ನು ಎಲ್ಲರಿಗೂ ತೋರಿಸುತ್ತಾ ಕೇಳಿಕೊಂಡು ಕೇಳಿಕೊಂಡು ರಾತ್ರಿ ಒಂಬತ್ತೂವರೆಗೆ ಬಂದು ನಿಂತರು. ಅವರಿಗೆ ಓದಲು ಬರುವುದಿಲ್ಲ. ಮೈಸೂರಿಗೆ ಒಬ್ಬರೇ ಬಂದದ್ದು ಅದೇ ಮೊದಲು. ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಅದರಲ್ಲಿ ಬೆಲ್ಲದ ಕರಿ ಕಾಫಿಯ ಫ್ಲಾಸ್ಕ್, ಅಕ್ಕಿ ರೊಟ್ಟಿ, ನಿಂಬೆ ಉಪ್ಪಿನಕಾಯಿ, ಒಂದು ಬೆಡ್‌ಶೀಟು, ನೆಲಕ್ಕೆ ಹಾಸಲು ಹಳೇ ಪೇಪರ್.

ಬಂದವರೇ ಏನೂ ಕೇಳಲಿಲ್ಲ. ಏನಾಯಿತು, ಡಾಕ್ಟರು ಏನಂದರು, ಒಂದೂ ಇಲ್ಲ. ಗೋಡೆ ಪಕ್ಕ ಪೇಪರ್ ಹಾಸಿ ನನ್ನನ್ನು ಕೂರಿಸಿದರು. ನನ್ನ ಜಡೆ ಬಿಚ್ಚಿ ಬೆರಳಲ್ಲೇ ಬಾಚಿ ಮತ್ತೆ ಹೆಣೆದರು. ಎರಡು ದಿನದಿಂದ ನಾನು ತಲೆ ಬಾಚಿರಲಿಲ್ಲ. ಅವರ ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಮೇಣ ಇತ್ತು. ಕೈಗೆ ಸುಗಂಧರಾಜದ ವಾಸನೆ ಇತ್ತು. ಆ ಆಸ್ಪತ್ರೆಯ ವಾಸನೆಯ ಮಧ್ಯೆ ನಮ್ಮ ಚರ್ಚಿನ ವಾಸನೆ ಬಂದಿತು. ಆಗ ಅಳು ಬಂತು. ಹದಿಮೂರು ದಿನದಲ್ಲಿ ನಾನು ಅತ್ತದ್ದು ಅದೇ ಮೊದಲು.

ಆಮೇಲೆ ಅವರು ಸೊಂಟದಿಂದ ಜಪಸರ ತೆಗೆದರು.

ಇಲ್ಲಿಂದ ಮುಂದಿನದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನಾನು ಎರಡು ವಾರಕ್ಕೊಮ್ಮೆ ನಿಮ್ಮ ಮುಂದೆ ನಿಂತು ಬೈಬಲ್ ವಾಚನ ಓದುವವಳು. "ಪ್ರಭುವಿನ ವಾಕ್ಯ" ಅನ್ನುತ್ತೇನೆ, ನೀವು "ದೇವರಿಗೆ ಕೃತಜ್ಞತೆ ಸಲ್ಲಲಿ" ಅನ್ನುತ್ತೀರಿ. ಅಂಥವಳು ಆ ರಾತ್ರಿ ಅಕ್ಕನ ಕೈ ತಳ್ಳಿ, "ನನಗೆ ಜಪ ಬೇಡ ಅಕ್ಕ, ನನಗೆ ಅವನ ಜೊತೆ ಮಾತಿಲ್ಲ" ಅಂದೆ. ಅವನು ಅಂದದ್ದು ದೇವರನ್ನು. ಇಷ್ಟು ವರ್ಷ ಅವನ ಗಂಟೆ ಹೊಡೆದ ಮನುಷ್ಯನಿಗೆ ಹೀಗೆ ಮಾಡಿದನಲ್ಲ ಅಂತ ಹೊಟ್ಟೆಯೊಳಗೆ ಉರಿ. ಅವತ್ತು ನಾನು ಕೆಟ್ಟ ಕೆಟ್ಟ ಮಾತು ಆಡಿದೆ. ಜೋರಾಗಿಯೇ ಆಡಿದೆ. ಪಕ್ಕದಲ್ಲಿದ್ದ ಬೇರೆ ರೋಗಿಗಳ ಮನೆಯವರು ತಿರುಗಿ ನೋಡಿದರು.

ಅಕ್ಕ ನನಗೆ ಬುದ್ಧಿ ಹೇಳಬಹುದಿತ್ತು. ಹಾಗೆ ಮಾತಾಡಬಾರದು, ಪಾಪ ಬರುತ್ತದೆ ಅನ್ನಬಹುದಿತ್ತು. ದೇವರ ಚಿತ್ತ ಅನ್ನಬಹುದಿತ್ತು. ಅಷ್ಟು ದಿನದಲ್ಲಿ ಆ ಮಾತನ್ನು ಬಹಳ ಜನ ನನಗೆ ಹೇಳಿದ್ದರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅಕ್ಕ ಹೇಳಿದ್ದು ಇಷ್ಟೇ.

"ಬೇಡ ಬಿಡು ಮಗಾ. ನಿನ್ನದೂ ಸೇರಿಸಿ ನಾನೇ ಮಾಡ್ತೀನಿ. ನೀನು ಕಾಫಿ ಕುಡಿ."

ಅವರು ಮಾಡಿದರು. ಜಪಸರ ಹೇಳುವಾಗ ಯೇಸುವಿನ ಬದುಕಿನ ಘಟನೆಗಳನ್ನು ರಹಸ್ಯಗಳು ಅಂತ ದಿನಕ್ಕೊಂದು ಗುಂಪಾಗಿ ನೆನೆಯುತ್ತೇವೆ, ಗುರುವಾರ ಬೆಳಕಿನ ರಹಸ್ಯಗಳ ದಿನ ಅಂತ ನಾವೆಲ್ಲ ಲೆಕ್ಕ ಹಾಕುತ್ತೇವೆ. ಅಕ್ಕ ಅವತ್ತು ದುಃಖದ ರಹಸ್ಯಗಳನ್ನೇ ಹೇಳಿದರು. ಒಂದು ಸುತ್ತು ತಮ್ಮದು, ಒಂದು ಸುತ್ತು ನನ್ನದು. ನಿಜವಾಗಿಯೂ ಲೆಕ್ಕ ಇಟ್ಟು ಹಾಗೆ ಮಾಡಿದರು. "ಇದು ನಿಂದು" ಅಂತ ಮೆಲ್ಲಗೆ ಹೇಳಿ ಶುರು ಮಾಡುತ್ತಿದ್ದರು. ಅವರ ಜಪಸರದ ಐದನೇ ಹತ್ತರಲ್ಲಿ ಒಂದು ಮಣಿ ಇಲ್ಲ. ಅಲ್ಲಿ ದಾರದ ಗಂಟು ಹಾಕಿದ್ದಾರೆ. ಬೆರಳು ಆ ಗಂಟಿಗೆ ಬಂದಾಗ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಅದಕ್ಕೂ ಒಂದು ನಮೋ ಮರಿಯಾ ಹೇಳಿ ಮುಂದೆ ಹೋಗುತ್ತದೆ. ನಾನು ಪ್ರಾರ್ಥನೆ ಮಾಡಲಿಲ್ಲ. ಆ ಗಂಟನ್ನು ನೋಡುತ್ತಾ ಕೂತಿದ್ದೆ. ಅದು ಮತ್ತೆ ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂತಿದ್ದೆ.

ರಾತ್ರಿ ಎರಡು ಗಂಟೆ ಇರಬೇಕು. ಒಬ್ಬರು ಬಂದು ಸಹಿ ಹಾಕಿ ಅಂತ ಕಾಗದ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ಎರಡು ಪುಟ. ನನ್ನ ಕೈ ನಡುಗಿ ಪೆನ್ನು ಕೆಳಗೆ ಬಿತ್ತು. ಅಕ್ಕ ಪೆನ್ನು ಎತ್ತಿ, ಕಾಗದವನ್ನು ತಮ್ಮ ಮಂಡಿ ಮೇಲೆ ಹರಡಿ, ಎರಡೂ ಕಡೆ ಅಂಗೈ ಒತ್ತಿ ಹಿಡಿದರು. ಪೀಠದ ಬಟ್ಟೆಯ ಸುಕ್ಕು ತೆಗೆಯುವ ಹಾಗೆ.

"ಏನು ಬರೆದಿದೆ ಓದಿ ಹೇಳು. ನನಗೂ ಗೊತ್ತಾಗಲಿ."

ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಅಪಾಯ ಇದೆ ಅನ್ನುವ ಸಾಲೂ ಇತ್ತು. ಅದನ್ನೂ ಹೇಳಿದೆ. ಓದುತ್ತಾ ಓದುತ್ತಾ ನನ್ನ ದನಿ ಸರಿಯಾಯಿತು. ಭಾನುವಾರ ಓದುವ ದನಿ ಬಂತು. ಮುಗಿದ ಮೇಲೆ ಅಕ್ಕ ಶಿಲುಬೆ ಗುರುತು ಹಾಕಿ, "ಸರಿ, ಹಾಕು" ಅಂದರು. ಹಾಕಿದೆ.

ಬೆಳಗಿನ ಜಾವ ನಾನು ಅವರ ತೊಡೆ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದೆ. ಎದ್ದಾಗ ಅವರು ಹಾಗೇ ನೆಟ್ಟಗೆ ಕೂತಿದ್ದರು, ಕಾಲು ಅಲ್ಲಾಡಿಸಿರಲಿಲ್ಲ. ಆಮೇಲೆ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು. ಊರಿನಲ್ಲಿ ನೀವೆಲ್ಲ ಸರದಿಯಲ್ಲಿ ಒಂದೊಂದು ಗಂಟೆ ಕೂತ ರಾತ್ರಿ, ಅಕ್ಕ ತಮ್ಮ ಪೀಠ ಬಿಟ್ಟು ಬಂದು ಇಲ್ಲಿ ಕೂತಿದ್ದರು. ನಾನು ಆ ಮಾತು ಹೇಳಿದಾಗ ಅವರಿಗೆ ಅರ್ಥವೇ ಆಗಲಿಲ್ಲ. "ಪೀಠಕ್ಕೆ ಹೂವು ಇಟ್ಟೇ ಬಂದೆನಲ್ಲ" ಅಂದರು.

ಅದಾದ ಮೇಲೆ ಪಾಸ್ಖ ಹಬ್ಬ, ಅಂದರೆ ಈಸ್ಟರ್, ಬಂತು. ಆ ದಿನ ಏನೂ ಆಗಲಿಲ್ಲ. ಅದನ್ನು ಇದ್ದ ಹಾಗೇ ಹೇಳುತ್ತೇನೆ, ಯಾಕೆಂದರೆ ಹಬ್ಬದ ದಿನವೇ ಕಣ್ಣು ಬಿಟ್ಟರಂತೆ ಅಂತ ಒಂದು ಮಾತು ಊರಲ್ಲಿ ಓಡಾಡುತ್ತಿದೆ. ಇಲ್ಲ. ಅವರು ನನ್ನ ಗುರುತು ಹಿಡಿದದ್ದು ನಂತರದ ಗುರುವಾರ, ಮಧ್ಯಾಹ್ನ. ನಾನು ಮತ್ತೆ ಪ್ರಾರ್ಥನೆ ಮಾಡಿದ್ದು ಅದಕ್ಕೂ ತಡವಾಗಿ, ಮನೆಗೆ ಬಂದ ಮೇಲೆ. ನಡುವಿನ ಎಲ್ಲ ದಿನ ನನ್ನ ಪಾಲಿನದನ್ನು ಅಕ್ಕ ಮಾಡುತ್ತಿದ್ದರು. ಈಗಲೂ ಕೇಳಿದರೆ, "ಅದು ಲೆಕ್ಕ ಇಡೋದಾ?" ಅನ್ನುತ್ತಾರೆ. ನಾನು ಇಟ್ಟಿದ್ದೇನೆ ಅಕ್ಕ.

ಮೇ ಕೊನೆಗೆ ಮನೆಗೆ ಬಂದೆವು. ಮಳೆಗಾಲ ಮಲಗಿಯೇ ಕಳೆಯಿತು. ಭಾನುವಾರ ಬೆಳಗ್ಗೆ ಗಂಟೆ ಕೇಳಿದಾಗ ಅವರು ಮಲಗಿದಲ್ಲೇ ಬೆರಳು ಮಡಚಿ ಎಣಿಸುತ್ತಿದ್ದರು. "ಹುಡುಗ ಬೇಗ ಬೇಗ ಹೊಡೀತಾನೆ" ಅನ್ನುತ್ತಿದ್ದರು. ಆಗಸ್ಟ್ ಹೊತ್ತಿಗೆ, "ಈಗ ಪರವಾಗಿಲ್ಲ, ಕಲಿತ" ಅಂದರು.

ಪ್ರತಿ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ ತಂದರು. ಜುಲೈನಲ್ಲಿ ದಾರಿಯ ಮೇಲೆ ಮರ ಬಿದ್ದು ಜೀಪು ಬರಲಿಲ್ಲ. ಆ ದಿನ ತೋಟದೊಳಗೆ ಮುಕ್ಕಾಲು ಕಿಲೋಮೀಟರ್ ನಡೆದು ಬಂದರು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಎದೆಯ ಮೇಲೆ. ಕರೆಂಟಿರಲಿಲ್ಲ. ಮೇಜಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಒಂದೇ ಮೇಣದಬತ್ತಿ. ಹೊರಗೆ ಹೋಗುವಾಗ ಮೆಟ್ಟಿಲ ಮೇಲೆ ಕೂತು ಕಾಲಿನ ಜಿಗಣೆ ಕಿತ್ತು ಹಾಕುತ್ತಿದ್ದರು. ಫಾದರ್, ನಿಮಗೆ ನಾನು ಅವತ್ತು ಕಾಫಿಯನ್ನೂ ಕೊಡಲಿಲ್ಲ, ಕ್ಷಮಿಸಿ.

ಕಿರು ಸಮುದಾಯದ ಬುಧವಾರದ ಪ್ರಾರ್ಥನೆಯನ್ನು ನಮ್ಮ ಜಗಲಿಗೇ ತಂದಿರಿ. ಸಂಜೆಯಾದರೆ ಆನೆ ಭಯ ಅಂತ ನಾಲ್ಕೂವರೆಗೇ ಶುರು ಮಾಡಿದಿರಿ. ಕೂಲಿ ಬೇಗ ಬಿಟ್ಟು ಬಂದವರೂ ಇದ್ದಿರಿ. ಪಕ್ಕದ ತೋಟದ ಕೊಡವ ಅಜ್ಜಿ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಆಗಸ್ಟ್ 3ರಂದು, ಮದ್ದುಸೊಪ್ಪಿನ ಪಾಯಸ ಕಳಿಸಿದರು. ಆ ನೇರಳೆ ಬಣ್ಣ ನೋಡಿ ನಮ್ಮನೆಯವರು ಮಗುವಿನ ಹಾಗೆ ಎರಡು ಬಟ್ಟಲು ತಿಂದರು. ಸೆಪ್ಟೆಂಬರ್ 8ರಂದು ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬಕ್ಕೆ ನಾವು ಬರಲಾಗಲಿಲ್ಲ. ಕೊಂಕಣಿ ಮನೆಯವರು ಆಶೀರ್ವಾದ ಮಾಡಿಸಿದ ಭತ್ತದ ತೆನೆಯನ್ನು ನಮ್ಮ ಪಾಲಿಗೂ ತಂದುಕೊಟ್ಟರು. ಅದನ್ನು ಬಾಗಿಲ ಮೇಲಿನ ಶಿಲುಬೆಗೆ ಸಿಕ್ಕಿಸಿದ್ದೇವೆ. ರಾತ್ರಿ ಎಷ್ಟು ಹೊತ್ತಾದರೂ ಔಷಧಿ ತಂದುಕೊಟ್ಟ ಆಟೋದ ಬ್ಯಾರಿ ಅಣ್ಣನನ್ನು ಮರೆತರೆ ನನಗೆ ಅನ್ನ ಇಳಿಯುವುದಿಲ್ಲ.

ಜೀಪು ಹತ್ತುವಷ್ಟಾದಾಗ ಅವರು ಮೊದಲು ಕೇಳಿದ್ದು ವಿರಾಜಪೇಟೆಗೆ ಹೋಗೋಣ ಅಂತ. ಅಲ್ಲಿನ ಸಂತ ಅನ್ನಮ್ಮನ ದೇವಾಲಯದಲ್ಲಿ ಅವರಿಗೆ ಜ್ಞಾನಸ್ನಾನ ಆದದ್ದು. 1792ರ ಕಾಲದ ಚರ್ಚು. ಶ್ರೀರಂಗಪಟ್ಟಣದ ಕಡೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಒಡೆಯರು ಜಾಗ ಕೊಟ್ಟು ಇರಿಸಿಕೊಂಡ ಕಥೆಯನ್ನು ನಮ್ಮ ಮಾವನವರು ಯಾವಾಗಲೂ ಹೇಳುತ್ತಿದ್ದರು. ಅಲ್ಲಿ ಬೆಂಚಿನಲ್ಲಿ ಕೂತು ನಮ್ಮನೆಯವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವು ಇಲ್ಲಿಗೆ ಬಂದಾಗಲೂ ಯಾರೋ ಬಾಗಿಲು ತೆಗೆದಿದ್ದರು, ಅಲ್ವಾ" ಅಂದರು. ಅವರು ಜಾಸ್ತಿ ಮಾತಾಡುವವರಲ್ಲ. ಅಷ್ಟು ದೊಡ್ಡ ವಾಕ್ಯವನ್ನು ಅವರು ತಡವರಿಸದೆ ಹೇಳಿದ್ದು ಅವತ್ತೇ.

ಈಗ ಅಕ್ಟೋಬರ್. ಜಪಸರದ ತಿಂಗಳು. ದಿನಕ್ಕೊಂದು ಮನೆಯಲ್ಲಿ ಜಪ ನಡೆಯುತ್ತಿದೆ. ನಮ್ಮ ಮನೆಯ ಸರದಿ 24ಕ್ಕೆ ಅಂತ ಪಟ್ಟಿಯಲ್ಲಿ ನೋಡಿದೆ. ಎಲ್ಲರೂ ಬನ್ನಿ. ಕಡುಬು ಮಾಡುತ್ತೇನೆ. ಕತ್ತಲಾಗುವ ಮೊದಲು ಮುಗಿಸಿ ಎಲ್ಲರನ್ನೂ ಜೀಪಿನಲ್ಲಿ ಕಳಿಸುವ ಏರ್ಪಾಡು ಮಗ ಮಾಡಿದ್ದಾನೆ.

ಅಕ್ಕ, ಇದನ್ನು ಯಾರಾದರೂ ನಿಮಗೆ ಓದಿ ಹೇಳುತ್ತಾರೆ ಅಂತ ಗೊತ್ತು. ಈ ಶನಿವಾರ ಮೂರು ಗಂಟೆಗೆ ನಾನು ಬರುತ್ತೇನೆ. ಹಿತ್ತಲಿನಲ್ಲಿ ಡೇರೆ ಅರಳಿದೆ, ಕೆಂಪು, ಹಳದಿ ಎರಡೂ ಇವೆ. ಬುಟ್ಟಿ ತುಂಬ ತರುತ್ತೇನೆ. ಹುಣಸೆಹಣ್ಣು ನಾನೇ ತರುತ್ತೇನೆ, ನೀವು ತರಬೇಡಿ. ಕಂಬ ನಾನು ಉಜ್ಜುತ್ತೇನೆ. ಬೆಂಚಿನ ಕೆಳಗಿನ ಮೇಣ ಕೆರೆಯಲು ಇನ್ನೊಂದು ಚಾಕು ಇದ್ದರೆ ಎತ್ತಿಡಿ.